ಪಳನಿ ಬೆಟ್ಟದ ಕಡ್ಡಿಹುಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಡ್ಡಿಹುಳುಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಾತಿಯ ಸುತ್ತ ಇದ್ದುದರಿಂದ ಈ ಸಲದ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ಮಗಳ ಶಾಲೆಯಿಂದ ಆರು ‘ಇಂಡಿಯನ್ ಸ್ಟಿಕ್ ಇನ್‌ಸೆಕ್ಟ್’ ನಮ್ಮ ಮನೆಗೆ ಬಂದಿವೆ. ಇವು ನಿಜಕ್ಕೂ ಭಾರತದವೇ? ಕೈಯಲ್ಲಿ ಹಿಡಿದು ನೋಡುವಾಗ ಮಕ್ಕಳಿಗೆ ಏನೇನು ತೋರಿಸಬಹುದು? (ರೆಡಿಂಗ್, ಇಂಗ್ಲೆಂಡ್)

ಭಾರತದವೇ, ಅದರಲ್ಲೂ ನಮ್ಮ ನೆರೆಯ ತಮಿಳುನಾಡಿನವು. ವೈಜ್ಞಾನಿಕ ಹೆಸರು ಕರಾಸಿಯಸ್ ಮೊರೋಸಸ್. 1901ರಲ್ಲಿ ಇದನ್ನು ಮೊದಲು ವರ್ಣಿಸಿದವರು ಫ್ರೆಂಚ್ ಜೆಸ್ಯೂಟ್ ಪಾದ್ರಿ ರೋಬೆರ್ ದ ಸಿನೆತಿ. ಅವರ ಕೈಸೇರಿದ ಹುಳುಗಳು ಪಳನಿ ಬೆಟ್ಟದಲ್ಲಿ ಕೊಡೈಕೆನಾಲ್ ಹತ್ತಿರದ ಶೆಂಬಗನೂರು ಮತ್ತು ತಿರುಚಿರಾಪಳ್ಳಿ ಕಡೆಯಿಂದ ಹೋದವು. ಅಂದಿನಿಂದ ಯುರೋಪಿನ ಪ್ರಯೋಗಾಲಯಗಳಲ್ಲಿ, ಆಮೇಲೆ ಶಾಲೆಗಳಲ್ಲಿ, ಮನೆಗಳಲ್ಲಿ ಇವುಗಳ ಸಂತಾನ ಮುಂದುವರಿಯುತ್ತಲೇ ಇದೆ. ಹುಟ್ಟೂರಿನ ಕಾಡಿನಲ್ಲಿ ಇದನ್ನು ಕಂಡವರು ಕಡಿಮೆ, ದೂರದ ದೇಶಗಳ ಗಾಜಿನ ಪೆಟ್ಟಿಗೆಯಲ್ಲಿ ಕಂಡವರೇ ಹೆಚ್ಚು.

ಬೆಳೆದ ಹೆಣ್ಣಿನ ಮೈ ಏಳೆಂಟು ಸೆಂಟಿಮೀಟರ್ ಉದ್ದ. ರೆಕ್ಕೆ ಇಲ್ಲ. ಹಸಿರಿನಿಂದ ಹಿಡಿದು ಕಂದು, ಬೂದುಗಂದು ತನಕ ಯಾವ ಬಣ್ಣವಾದರೂ ಇರಬಹುದು. ತಲೆಯ ಹಿಂದೆ ಎದೆಯ ಮೊದಲ ಭಾಗ ಗಿಡ್ಡ. ಎರಡನೆಯದು, ಮೂರನೆಯದು ಎಳೆದಂತೆ ಉದ್ದ. ಕಡ್ಡಿಯ ಆಕಾರ ಬಂದಿರುವುದು ಮುಖ್ಯವಾಗಿ ಈ ಎರಡು ಭಾಗ ಮತ್ತು ಹೊಟ್ಟೆಯ ಉದ್ದದಿಂದ.

ಮಕ್ಕಳಿಗೆ ಮೊದಲು ಮುಂಗಾಲು ತೋರಿಸಿ. ತೊಡೆಯ ಬುಡ ತೆಳ್ಳಗಾಗಿ ಒಳಕ್ಕೆ ಬಾಗಿರುತ್ತದೆ. ಹಗಲು ಹುಳು ಮುಂಗಾಲು ಎರಡನ್ನೂ ನೇರ ಮುಂದಕ್ಕೆ ಚಾಚಿ ಜೋಡಿಸಿದಾಗ ತಲೆ ಆ ಬಾಗಿನೊಳಗೆ ಕುಳಿತುಬಿಡುತ್ತದೆ. ಕಣ್ಣು ಮರೆಯಾಗಿ, ತಲೆ ಎಲ್ಲಿ ಮುಗಿಯಿತು, ಕಾಲು ಎಲ್ಲಿ ಶುರುವಾಯಿತು ಎಂದು ಹೇಳಲಾಗದಂತೆ ಆಗುತ್ತದೆ. ಇಷ್ಟು ಅಚ್ಚುಕಟ್ಟಾದ ಹೊಂದಿಕೆ ಕೀಟಲೋಕದಲ್ಲೂ ಅಪರೂಪ. ನಂತರ ಅದೇ ಮುಂಗಾಲಿನ ಬುಡದ ಒಳಮೈ ನೋಡಿ: ಬೆಳೆದ ಹೆಣ್ಣಿನಲ್ಲಿ ಅಲ್ಲಿ ಕೆಂಪು ಮಚ್ಚೆ ಇರುತ್ತದೆ. ಕಾಲು ಚಾಚಿ ಮಲಗಿದ್ದಾಗ ಅದು ಕಾಣುವುದಿಲ್ಲ. ಗಾಯವೆಂದು ಹೆದರಿ ಬರೆದವರಿದ್ದಾರೆ. ಅದು ಈ ಜಾತಿಯ ಗುರುತು.

ಹಿಡಿಯುವಾಗ ಕಾಲಿನಿಂದ ಎಂದೂ ಎಳೆಯಬೇಡಿ. ಅಂಗೈಯನ್ನು ಮುಂದೆ ಒಡ್ಡಿ, ಹಿಂಬದಿಯಿಂದ ಮೆಲ್ಲಗೆ ಮುಟ್ಟಿದರೆ ತಾನೇ ಹತ್ತುತ್ತದೆ. ಕೊಂಬೆಯಿಂದ ಬಿಡಿಸಲೇಬೇಕಾದರೆ ಮೈಯ ನಡುಭಾಗವನ್ನು ಎರಡು ಬೆರಳಲ್ಲಿ ಹಗುರವಾಗಿ ಹಿಡಿದು, ಒಂದೊಂದೇ ಪಾದ ಸಡಿಲವಾಗುವ ತನಕ ಕಾಯಿರಿ. ಪಾದದ ತುದಿಯಲ್ಲಿ ಎರಡು ಕೊಕ್ಕೆಯಂಥ ಉಗುರು, ನಡುವೆ ನಯವಾದ ಮೇಲ್ಮೈಗೆ ಅಂಟಿಕೊಳ್ಳುವ ಮೆತ್ತೆ ಇದೆ. ಗಾಜಿನ ಗೋಡೆಯ ಮೇಲೆ ಅದು ನಡೆಯುವುದು ಈ ಮೆತ್ತೆಯಿಂದ.

ಪ್ರಶ್ನೆ: ಅದೇ ಓದುಗರಿಂದ: ಇವನ್ನು ಸಾಕುವುದು ಹೇಗೆ? ಬಂದ ವಾರದಲ್ಲೇ ಒಂದು ಮರಿ ಪೊರೆ ಕಳಚುವಾಗ ಸೊಟ್ಟಗಾಗಿ ಸತ್ತಿತು.

ಸತ್ತ ಮರಿಯಿಂದಲೇ ಶುರುಮಾಡೋಣ, ಏಕೆಂದರೆ ಮನೆಯಲ್ಲಿ ಸಾಕಿದ ಕಡ್ಡಿಹುಳುಗಳು ಸಾಯುವ ದೊಡ್ಡ ಕಾರಣ ಅದು. ಬೆಳೆಯುವ ಮರಿ ಸಾಮಾನ್ಯವಾಗಿ ಆರು ಸಲ ಪೊರೆ ಕಳಚುತ್ತದೆ. ಆಗ ಅದು ತಲೆಕೆಳಗಾಗಿ ನೇತುಬಿದ್ದು, ಹಳೆಯ ಚರ್ಮದ ಬೆನ್ನು ಸೀಳಿ, ತನ್ನ ಭಾರದಿಂದಲೇ ಕೆಳಕ್ಕೆ ಜಾರಿ ಹೊರಬರುತ್ತದೆ. ಹೊಸ ಮೈ ಹಳೆಯದಕ್ಕಿಂತ ಉದ್ದ, ಮತ್ತು ಸ್ವಲ್ಪ ಹೊತ್ತು ಮೇಣದಷ್ಟು ಮೆತ್ತಗೆ. ಜಾರುವಾಗ ಕೆಳಗಿನ ಎಲೆಗೋ ಪೆಟ್ಟಿಗೆಯ ತಳಕ್ಕೋ ತಾಗಿದರೆ ಬಾಗಿದ ಹಾಗೆಯೇ ಗಟ್ಟಿಯಾಗುತ್ತದೆ. ಗಾಳಿ ತೀರಾ ಒಣಗಿದ್ದರೆ ಕಾಲುಗಳು ಹಳೆಯ ಚರ್ಮದಲ್ಲೇ ಸಿಕ್ಕಿಕೊಳ್ಳುತ್ತವೆ. ನಿಮ್ಮಲ್ಲಿ ಚಳಿಗಾಲದ ಹೀಟರ್ ಗಾಳಿಯನ್ನು ಒಣಗಿಸುವುದರಿಂದ ಎರಡನೆಯ ಕಾರಣವನ್ನು ಮೊದಲು ಅನುಮಾನಿಸಿ.

ಹಾಗಾಗಿ ಪೆಟ್ಟಿಗೆಯ ಅಗಲಕ್ಕಿಂತ ಎತ್ತರ ಮುಖ್ಯ. ಬೆಳೆದ ಹುಳುವಿನ ಉದ್ದದ ಮೂರು ಪಟ್ಟಿಗೆ ಕಡಿಮೆ ಇರಬಾರದು. 40ರಿಂದ 45 ಸೆಂ.ಮೀ. ಎತ್ತರ, 30 ಸೆಂ.ಮೀ. ಉದ್ದಗಲ ಇದ್ದರೆ ಹತ್ತು ಹುಳುಗಳಿಗೆ ಸಾಕು. ಮುಚ್ಚಳ ಮತ್ತು ಒಂದು ಪಕ್ಕ ಸೊಳ್ಳೆಪರದೆಯಂಥ ಜಾಲರಿ ಇರಲಿ. ಮರಿಗಳು ನೇತುಬೀಳುವುದು ಜಾಲರಿಗೋ ಕೊಂಬೆಗೋ, ಆದ್ದರಿಂದ ಮೇಲಿನ ಅರ್ಧದಲ್ಲಿ ಎಲೆಗಳ ನಡುವೆ ಖಾಲಿ ಜಾಗ ಬಿಡಿ. ಕಳಚುತ್ತಿರುವ ಮರಿಯನ್ನು ಮುಟ್ಟಬೇಡಿ, ಸಹಾಯ ಮಾಡಲು ಹೋಗಬೇಡಿ. ಕಳಚಿದ ಪೊರೆಯನ್ನು ಅದೇ ತಿನ್ನುತ್ತದೆ, ತೆಗೆದುಹಾಕಬೇಡಿ.

ಆಹಾರ: ನಿಮ್ಮೂರಿನಲ್ಲಿ ಬ್ರ್ಯಾಂಬಲ್, ಐವಿ, ಪ್ರಿವೆಟ್, ಹಾಥಾರ್ನ್ ಮತ್ತು ಗುಲಾಬಿ ಎಲೆ. ಇವುಗಳಲ್ಲಿ ಬ್ರ್ಯಾಂಬಲ್ ಮತ್ತು ಐವಿ ಚಳಿಗಾಲದಲ್ಲೂ ಹಸಿರಾಗಿರುವುದರಿಂದ ಅವನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು. ವಸಂತದ ತೀರಾ ಎಳೆಯ ಚಿಗುರು ಬೇಡ, ಬಲಿತ ಎಲೆ ಕೊಡಿ. ಲೆಟಿಸ್ ತಿನ್ನುತ್ತವೆ, ಆದರೆ ಅದೊಂದರಲ್ಲೇ ಬೆಳೆಯಲಾರವು. ಅಂಗಡಿಯಿಂದ ತಂದ ಗುಲಾಬಿ ಮತ್ತು ನರ್ಸರಿ ಕುಂಡದ ಗಿಡ ಕೂಡದು. ಅವಕ್ಕೆ ಹಾಕುವ ಕೆಲವು ಕೀಟನಾಶಕಗಳು ಬೇರಿನಿಂದ ಎಲೆಯೊಳಕ್ಕೆ ಏರಿರುತ್ತವೆ; ಎಷ್ಟು ತೊಳೆದರೂ ಹೋಗುವುದಿಲ್ಲ. ಎಲ್ಲ ಹುಳುಗಳೂ ಒಂದೆರಡು ದಿನದಲ್ಲಿ ಕಾಲು ಅದುರಿಸುತ್ತಾ ಒಟ್ಟಿಗೆ ಬಿದ್ದರೆ ಕಾರಣ ಬಹುಪಾಲು ಇದೇ. ಬೆಂಗಳೂರಿನಲ್ಲಿ ಸಾಕುವವರು ಸೊಳ್ಳೆಬತ್ತಿ, ಗೋಡೆಗೆ ಸಿಕ್ಕಿಸುವ ಸೊಳ್ಳೆ ಯಂತ್ರ, ಜಿರಲೆ ಸ್ಪ್ರೇಗಳನ್ನು ಇದೇ ಪಟ್ಟಿಗೆ ಸೇರಿಸಿಕೊಳ್ಳಬೇಕು. ಅದೇ ಕೋಣೆಯಲ್ಲಿ ಅವನ್ನು ಬಳಸುವುದಾದರೆ ಹುಳು ಸಾಕುವ ಯೋಚನೆಯನ್ನೇ ಬಿಡಿ.

ಕೊಂಬೆಗಳನ್ನು ಕಿರಿದಾದ ಬಾಯಿಯ ಬಾಟಲಿಯ ನೀರಿನಲ್ಲಿ ನಿಲ್ಲಿಸಿ, ಸುತ್ತಲಿನ ಸಂದನ್ನು ಹತ್ತಿಯಿಂದ ಬಿಗಿಯಾಗಿ ತುಂಬಿ. ತುಂಬದಿದ್ದರೆ ಮರಿಗಳು ಕೊಂಬೆಯ ಗುಂಟ ಇಳಿದು ನೀರಿಗೆ ಬಿದ್ದು ಸಾಯುತ್ತವೆ. ನಾಲ್ಕೈದು ದಿನಕ್ಕೊಮ್ಮೆ, ಅದಕ್ಕೆ ಮೊದಲೇ ಬಾಡಿದರೆ ಅಂದೇ, ಎಲೆ ಬದಲಿಸಿ. ಹಳೆಯ ಕೊಂಬೆ ಎಸೆಯುವ ಮುನ್ನ ಪ್ರತಿ ಎಲೆಯ ಹಿಂಬದಿ, ಪ್ರತಿ ಕಡ್ಡಿ ನೋಡಿ. ಹೆಚ್ಚು ಮರಿಗಳು ಕಳೆದುಹೋಗುವುದು ಕಸದ ಬುಟ್ಟಿಯಲ್ಲಿ.

ದಿನ ಬಿಟ್ಟು ದಿನ ಸಂಜೆ ಎಲೆಗಳ ಮೇಲೆ ಸ್ಪ್ರೇ ಬಾಟಲಿಯಿಂದ ನೀರಿನ ತುಂತುರು ಹಾಕಿ. ಅವು ಹನಿ ಕುಡಿಯುತ್ತವೆ, ಗಾಳಿಗೂ ತೇವ ಬರುತ್ತದೆ. ಮರುದಿನ ಬೆಳಗ್ಗೆ ಪೆಟ್ಟಿಗೆ ಒಣಗಿರಬೇಕು. ಒಣಗದಿದ್ದರೆ ಗಾಳಿಯ ಹರಿವು ಸಾಲದೆಂದು ಅರ್ಥ. ಹಿಕ್ಕೆ, ಮೊಟ್ಟೆ ಎರಡಕ್ಕೂ ಬೂಷ್ಟು ಹಿಡಿಯುತ್ತದೆ. ಉಷ್ಣತೆ 18ರಿಂದ 24 ಡಿಗ್ರಿ ಸೆಲ್ಸಿಯಸ್ ಸಾಕು. ನಿಮ್ಮ ಮನೆಗೆ ಪ್ರತ್ಯೇಕ ದೀಪ, ಶಾಖ ಬೇಡ. ಇದು ಬೆಟ್ಟದ ಹುಳು. ಕಲಬುರಗಿಯ ಬೇಸಿಗೆಯಲ್ಲಿ ಇದನ್ನು ಸಾಕಬೇಕೆನ್ನುವವರಿಗೆ ಬೇಡವೆಂದೇ ಹೇಳುತ್ತೇವೆ.

ಪ್ರಶ್ನೆ: ಗಂಡೇ ಇಲ್ಲದೆ ಮೊಟ್ಟೆಯಿಡುತ್ತದೆ ಎಂದು ಓದಿದೆ. ಆ ಮೊಟ್ಟೆಗಳು ನಿಜವಾಗಿ ಒಡೆಯುತ್ತವೆಯೇ? (ಮೈಸೂರು)

ಒಡೆಯುತ್ತವೆ, ಹೊರಬರುವ ಮರಿಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ. ಸಾಕಿದ ಸಂತತಿಗಳು ನೂರಕ್ಕೂ ಹೆಚ್ಚು ವರ್ಷಗಳಿಂದ ಹೀಗೇ ನಡೆದಿವೆ. ತಾಯಿಯ ವಂಶವಾಹಿಗಳೇ ಮಗಳಿಗೆ, ಮಗಳದೇ ಮೊಮ್ಮಗಳಿಗೆ. ಪ್ರಯೋಗಾಲಯಗಳು ಇದನ್ನು ಇಷ್ಟಪಟ್ಟಿದ್ದಕ್ಕೆ ಅದೂ ಒಂದು ಕಾರಣ: ಒಂದೇ ಬಗೆಯ ಹುಳುಗಳು ಬೇಕಾದಷ್ಟು ಸಿಗುತ್ತವೆ.

ಗಂಡು ತೀರಾ ಅಪರೂಪ. ಕಂಡರೆ ಹೆಣ್ಣಿಗಿಂತ ಚಿಕ್ಕದು, ಇನ್ನೂ ತೆಳ್ಳಗೆ. ಕೆಲವೊಮ್ಮೆ ಅರ್ಧ ಗಂಡು, ಅರ್ಧ ಹೆಣ್ಣಿನ ಲಕ್ಷಣಗಳು ಬೆರೆತ ಹುಳುಗಳೂ ಹುಟ್ಟುತ್ತವೆ. ಮೊಟ್ಟೆಯೊಳಗೆ ಭ್ರೂಣ ಬೆಳೆಯುವ ಮೊದಲ ಹಂತದಲ್ಲಿ ಉಷ್ಣತೆ 30 ಡಿಗ್ರಿಯ ಆಸುಪಾಸಿಗೆ ಏರಿದರೆ ಹೆಣ್ಣಾಗಬೇಕಾದ ಮರಿ ಗಂಡಿನ ಕಡೆಗೆ ತಿರುಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಮೈಸೂರಿನ ಏಪ್ರಿಲ್‌ನಲ್ಲಿ ಮೊಟ್ಟೆ ಡಬ್ಬಿಯನ್ನು ಕಿಟಕಿಯ ಬಳಿ ಇಟ್ಟವರು ಇದನ್ನು ನೆನಪಿಡಬೇಕು.

ಮೊಟ್ಟೆ ನೋಡಲು ಬೀಜದಂತೆಯೇ ಇದೆ. ಎರಡೂವರೆ ಮಿಲಿಮೀಟರ್‌ಗೆ ಹತ್ತಿರದ ಅಂಡಾಕಾರ, ಗಟ್ಟಿ ಕಂದು ಚಿಪ್ಪು, ಒಂದು ತುದಿಯಲ್ಲಿ ದುಂಡನೆಯ ಮುಚ್ಚಳ, ಮುಚ್ಚಳದ ಮೇಲೆ ಹಳದಿ ಗುಬುಟು. ತಾಯಿ ಅವನ್ನು ಎಲ್ಲೂ ಅಂಟಿಸದೆ, ಹೂಳದೆ, ಇದ್ದಲ್ಲಿಂದಲೇ ನೆಲಕ್ಕೆ ಉದುರಿಸುತ್ತದೆ. ಆ ಗುಬುಟಿನಲ್ಲಿ ಕೊಬ್ಬಿನಂಶವಿದೆ. ಆಸ್ಟ್ರೇಲಿಯದ ಕೆಲವು ಕಡ್ಡಿಹುಳು ಜಾತಿಗಳಲ್ಲಿ ಇಂಥ ಗುಬುಟಿನ ಆಸೆಗೆ ಇರುವೆಗಳು ಮೊಟ್ಟೆಯನ್ನು ಗೂಡಿಗೆ ಒಯ್ದು, ಗುಬುಟು ತಿಂದು, ಉಳಿದದ್ದನ್ನು ಹಾಗೇ ಬಿಡುವುದು ದಾಖಲಾಗಿದೆ. ಮಣ್ಣಿನಡಿ ಸೇರಿದ ಮೊಟ್ಟೆ ಪರೋಪಜೀವಿ ಕಣಜಗಳ ಕಣ್ಣಿಗೆ ಬೀಳುವುದು ಕಡಿಮೆ.

ಒಂದು ಹೆಣ್ಣು ಬದುಕಿನಲ್ಲಿ ಕೆಲವು ನೂರು ಮೊಟ್ಟೆ ಹಾಕುತ್ತದೆ. ಹಿಕ್ಕೆಯೊಂದಿಗೆ ಬೆರೆತಿರುವ ಅವನ್ನು ಬೇರೆ ಮಾಡಲು ಎಲ್ಲವನ್ನೂ ಒಂದು ಕಾಗದದ ಮೇಲೆ ಹರಡಿ, ಕಾಗದವನ್ನು ಓರೆ ಮಾಡಿ ತಟ್ಟಿ: ದುಂಡಗಿನ ಮೊಟ್ಟೆಗಳು ಉರುಳುತ್ತವೆ, ಉದ್ದನೆಯ ಒರಟು ಹಿಕ್ಕೆ ಅಲ್ಲೇ ಉಳಿಯುತ್ತದೆ. ಮೊಟ್ಟೆಗಳನ್ನು ಸಣ್ಣ ರಂಧ್ರಗಳಿರುವ ಡಬ್ಬಿಯಲ್ಲಿ, ತೊಳೆದು ಒಣಗಿಸಿದ ಮರಳಿನ ತೆಳು ಪದರದ ಮೇಲೆ ಇಟ್ಟು ವಾರಕ್ಕೊಂದೆರಡು ಸಲ ಹಗುರ ತುಂತುರು ಹಾಕಿ. 20 ಡಿಗ್ರಿಯಲ್ಲಿ ಒಡೆಯಲು ಸುಮಾರು ನಾಲ್ಕು ತಿಂಗಳು ಬೇಕು, ಬೆಚ್ಚಗಿದ್ದರೆ ಸ್ವಲ್ಪ ಬೇಗ. ಎಲ್ಲವೂ ಒಂದೇ ದಿನ ಒಡೆಯುವುದಿಲ್ಲ, ಆತುರಪಟ್ಟು ಎಸೆಯಬೇಡಿ.

ಮರಿ ಮುಚ್ಚಳ ತಳ್ಳಿ ಹೊರಬರುವುದು ಹೆಚ್ಚಾಗಿ ರಾತ್ರಿ. ಒಂದು ಸೆಂಟಿಮೀಟರ್‌ಗಿಂತ ತುಸು ಉದ್ದದ ಆ ಮೈ ಅಷ್ಟು ಸಣ್ಣ ಚಿಪ್ಪಿನೊಳಗೆ ಮಡಚಿಕೊಂಡಿತ್ತೆಂದರೆ ನಂಬುವುದು ಕಷ್ಟ. ಗಾಳಿ ಒಣಗಿದ್ದರೆ ಹಿಂಗಾಲು ಚಿಪ್ಪಿನಲ್ಲಿ ಸಿಕ್ಕಿ, ಮರಿ ಅದನ್ನು ಎಳೆದುಕೊಂಡೇ ಓಡಾಡುತ್ತದೆ. ಚಿಪ್ಪಿಗೆ ಕುಂಚದಿಂದ ಒಂದು ಹನಿ ನೀರು ಮುಟ್ಟಿಸಿ, ಬಿಟ್ಟುಬಿಡಿ. ಎಳೆದರೆ ಕಾಲೇ ಬರುತ್ತದೆ. ಎಷ್ಟೋ ಸಲ ಮುಂದಿನ ಪೊರೆಯೊಂದಿಗೆ ಚಿಪ್ಪೂ ಕಳಚುತ್ತದೆ.

ಹುಟ್ಟಿದ ಮೇಲೆ ಬೆಳೆದ ಹೆಣ್ಣಾಗಲು ನಾಲ್ಕರಿಂದ ಆರು ತಿಂಗಳು. ಒಟ್ಟು ಆಯಸ್ಸು ಒಂದು ವರ್ಷದ ಆಸುಪಾಸು.

ಪ್ರಶ್ನೆ: ಒಂದು ಕಾಲು ಬಿದ್ದುಹೋಗಿದೆ. ಮತ್ತೆ ಬೆಳೆಯುತ್ತದೆಯೇ? (ಬೆಂಗಳೂರು)

ಮರಿಯಾಗಿದ್ದರೆ ಬೆಳೆಯುತ್ತದೆ, ಬೆಳೆದ ಹುಳುವಾಗಿದ್ದರೆ ಇಲ್ಲ. ಹೊಸ ಕಾಲು ಕಾಣಿಸಿಕೊಳ್ಳುವುದು ಪೊರೆ ಕಳಚುವಾಗ ಮಾತ್ರ. ಕೊನೆಯ ಪೊರೆ ಕಳಚಿದ ಮೇಲೆ ಅವಕಾಶವಿಲ್ಲ. ಕಾಲು ಮುರಿಯುವುದು ಎಲ್ಲೆಂದರಲ್ಲಿ ಅಲ್ಲ, ತೊಡೆಯ ಬುಡದ ಹತ್ತಿರ ಅದಕ್ಕೆಂದೇ ಇರುವ ಗೆರೆಯಲ್ಲಿ. ಶತ್ರು ಕಾಲು ಹಿಡಿದರೆ ಹುಳುವೇ ಅದನ್ನು ಬಿಟ್ಟು ಪಾರಾಗುತ್ತದೆ, ಗಾಯ ಕೂಡಲೇ ಮುಚ್ಚಿಕೊಳ್ಳುತ್ತದೆ.

ಹೊಸ ಕಾಲು ಮೊದಲು ಸಣ್ಣದಾಗಿ, ಸುರುಳಿಯಾಗಿ ಬಂದು ಪ್ರತಿ ಪೊರೆಗೂ ಉದ್ದವಾಗುತ್ತದೆ. ಭೂತಗನ್ನಡಿಯಿಂದ ಅದರ ಪಾದದ ಗೆಣ್ಣುಗಳನ್ನು ಎಣಿಸಿ. ಹುಟ್ಟಿನಿಂದ ಬಂದ ಕಾಲಿನಲ್ಲಿ ಐದು, ಮತ್ತೆ ಬೆಳೆದದ್ದರಲ್ಲಿ ನಾಲ್ಕೇ. ಯಾವ ಕಾಲು ಎರಡನೆಯ ಸಲ ಬಂದದ್ದೆಂದು ಹುಳು ಸತ್ತ ಮೇಲೂ ಹೇಳಬಹುದು. ಇನ್ನೂ ವಿಚಿತ್ರವೊಂದಿದೆ: ಮರಿಯ ಕುಡಿಮೀಸೆ ಬುಡದ ಬಳಿ ತುಂಡಾದರೆ ಆ ಜಾಗದಲ್ಲಿ ಕೆಲವೊಮ್ಮೆ ಮೀಸೆಯ ಬದಲು ಉಗುರು ಸಮೇತ ಪಾದವೊಂದು ಬೆಳೆಯುತ್ತದೆ.

ಪೆಟ್ಟಿಗೆಯಲ್ಲಿ ಪದೇ ಪದೇ ಕಾಲು, ಮೀಸೆಗಳು ಮೊಟಕಾಗುತ್ತಿದ್ದರೆ ಎಲೆ ಸಾಲದು ಅಥವಾ ಹುಳುಗಳು ಹೆಚ್ಚಾದವು. ಆಗ ಅವು ಒಂದನ್ನೊಂದು ಕಚ್ಚುತ್ತವೆ.

ಪ್ರಶ್ನೆ: ಹಗಲು ತಿಳಿ ಬಣ್ಣ, ರಾತ್ರಿ ಕಪ್ಪಗೆ ಕಾಣುತ್ತದೆ. ಇದು ಬೆಳಕಿನ ಭ್ರಮೆಯೇ? ಮುಟ್ಟಿದರೆ ಸತ್ತಂತೆ ಬೀಳುವುದೇಕೆ? (ಮಂಗಳೂರು)

ಭ್ರಮೆಯಲ್ಲ. ಚರ್ಮದ ಜೀವಕೋಶಗಳೊಳಗೆ ಕಂದು ಬಣ್ಣದ ಕಣಗಳಿವೆ. ರಾತ್ರಿ ಅವು ಮೇಲಕ್ಕೆ ಬಂದು ಹರಡುತ್ತವೆ, ಹಗಲು ಕೋಶದ ತಳಕ್ಕೆ ಇಳಿಯುತ್ತವೆ. ಹಸಿರು, ಹಳದಿ ಕಣಗಳು ಕದಲುವುದಿಲ್ಲ. ಅದಕ್ಕೇ ಅಚ್ಚಹಸಿರಿನ ಹುಳುಗಳಲ್ಲಿ ಈ ಬದಲಾವಣೆ ಕಾಣದು, ಕಂದು ಹುಳುಗಳಲ್ಲಿ ಚೆನ್ನಾಗಿ ಕಾಣುತ್ತದೆ. ಪೂರ್ತಿ ಕತ್ತಲೆಯಲ್ಲಿಟ್ಟರೂ ಈ ಹಗಲು-ರಾತ್ರಿಯ ಲಯ ಬಹುಕಾಲ ನಡೆಯುತ್ತದೆಂದು 20ನೆಯ ಶತಮಾನದ ಆರಂಭದಲ್ಲೇ ಗೊತ್ತಾಗಿತ್ತು.

ತೇವವೂ ಮೈಯನ್ನು ಕಪ್ಪಾಗಿಸುತ್ತದೆ. ಇದರ ಮೇಲಿನ ಹಳೆಯ ಪ್ರಯೋಗವೊಂದು ಬಲು ಸೊಗಸಾಗಿದೆ. ಹುಳುವಿನ ಹೊಟ್ಟೆಯನ್ನು ಮಾತ್ರ ತೇವದ ಡಬ್ಬಿಯೊಳಗೆ ಇಟ್ಟರು; ಆದರೆ ಕಪ್ಪಾಗುವುದು ತಲೆಯ ಕಡೆಯಿಂದ ಶುರುವಾಗಿ ಹಿಂದಕ್ಕೆ ಹರಡಿತು. ಮೈಯ ನಡುವೆ ದಾರ ಬಿಗಿದಾಗ ದಾರದ ಮುಂದಿನ ಭಾಗ ಮಾತ್ರ ಕಪ್ಪಾಯಿತು. ನರದ ಹುರಿ ತುಂಡರಿಸಿದಾಗ ಏನೂ ಆಗಲಿಲ್ಲ. ಅಂದರೆ ತೇವದ ಸುದ್ದಿ ನರದ ಮೂಲಕ ಮಿದುಳಿಗೆ ಹೋಗುತ್ತದೆ, ಅಲ್ಲಿಂದ ಹೊರಟ ಹಾರ್ಮೋನು ರಕ್ತದಲ್ಲಿ ಹರಿದು ಬಣ್ಣ ಬದಲಿಸುತ್ತದೆ. ದಾರ ತಡೆದದ್ದು ಆ ಹರಿವನ್ನು.

ಸತ್ತಂತೆ ಬೀಳುವುದು ರಕ್ಷಣೆಯ ಎರಡನೆಯ ಸಾಲು. ಕೊಂಬೆ ಅಲುಗಿದರೆ ಕಾಲುಗಳನ್ನೆಲ್ಲ ಮೈಗುಂಟ ಜೋಡಿಸಿ ಕೆಳಗೆ ಬಿದ್ದು, ತರಗೆಲೆಗಳ ನಡುವೆ ಒಂದು ಕಡ್ಡಿಯಾಗಿಬಿಡುತ್ತದೆ. ನಿಶ್ಚಲವಾಗಿರುವಾಗ ಅದರ ಕಾಲನ್ನು ಮೆಲ್ಲಗೆ ಬಾಗಿಸಿ ನೋಡಿ: ಬಾಗಿಸಿದ ಭಂಗಿಯಲ್ಲೇ ನಿಲ್ಲುತ್ತದೆ. ಆಮೇಲೆ ಮೊದಲಿನ ಸ್ಥಾನಕ್ಕೆ ಮರಳುತ್ತದಾದರೂ ಕಣ್ಣಿಗೆ ಚಲನೆ ಕಾಣದಷ್ಟು ನಿಧಾನ. ಹಕ್ಕಿಯ ಕಣ್ಣು ಚಲನೆಯನ್ನು ಹಿಡಿಯುತ್ತದೆ. ಅದಕ್ಕೆ ಈ ನಿಧಾನ. ಗಾಳಿ ಬೀಸಿದಾಗ ಮೈಯನ್ನು ಅಕ್ಕಪಕ್ಕ ತೂಗುವುದನ್ನೂ ನೀವು ಕಂಡಿರಬಹುದು.

ಪ್ರಶ್ನೆ: ವಿಷ ಇದೆಯೇ? (ಹಾಸನ)

ಈ ಜಾತಿಯಿಂದ ಮನುಷ್ಯರಿಗೆ ಅಪಾಯವಿಲ್ಲ. ಕುಟುಕುವುದಿಲ್ಲ, ಬಾಯಿ ಎಲೆ ಕತ್ತರಿಸಲಷ್ಟೇ. ಆದರೆ ಎಲ್ಲ ಕಡ್ಡಿಹುಳುಗಳಿಗೂ ಈ ಮಾತು ಹೊಂದುವುದಿಲ್ಲ. ಅಮೆರಿಕದ ಅನಿಸೊಮಾರ್ಫಾ ಎಂಬ ಕುಲದವು ಎದೆಯ ಗ್ರಂಥಿಗಳಿಂದ ರಸ ಚಿಮ್ಮಿಸುತ್ತವೆ, ಕಣ್ಣಿಗೆ ಬಿದ್ದರೆ ಬಹಳ ಉರಿ. ಗುರುತು ತಿಳಿಯದ ಹುಳುವನ್ನು ಮುಖದ ಹತ್ತಿರ ತರದಿರುವುದು ಲೇಸು.

ಪ್ರಶ್ನೆ: ನಮ್ಮ ತೋಟದಲ್ಲಿ ಮಳೆಗಾಲದಲ್ಲಿ ಕಾಣುವುದು ಇದೇ ಹುಳುವೇ? (ಶಿರಸಿ)

ಪಶ್ಚಿಮ ಘಟ್ಟದಲ್ಲಿ ಕಡ್ಡಿಹುಳುಗಳ ಹಲವು ಜಾತಿಗಳಿವೆ. ನೀವು ಕಳಿಸಿದ, ಬೆನ್ನಷ್ಟೇ ಕಾಣುವ ಚಿತ್ರದಿಂದ ಜಾತಿ ಹೇಳಿದರೆ ಅದು ಊಹೆಯಾಗುತ್ತದೆ. ಮುಂದಿನ ಸಲ ಅಳತೆಪಟ್ಟಿ ಪಕ್ಕದಲ್ಲಿಟ್ಟು ಮೈಯ ಉದ್ದ (ಕಾಲು, ಮೀಸೆ ಬಿಟ್ಟು), ತಲೆಯ ಹತ್ತಿರದ ನೋಟ, ಮುಂಗಾಲಿನ ಬುಡದ ಒಳಮೈ, ಹೊಟ್ಟೆಯ ತುದಿ ಮೇಲಿನಿಂದಲೂ ಪಕ್ಕದಿಂದಲೂ, ಯಾವ ಗಿಡದ ಮೇಲಿತ್ತು ಎಂಬುದು, ಇಷ್ಟನ್ನು ದಾಖಲಿಸಿ. ಮೊಟ್ಟೆ ಸಿಕ್ಕರೆ ಇನ್ನೂ ಒಳ್ಳೆಯದು. ಮೊಟ್ಟೆಯ ಚಿಪ್ಪಿನ ಕೆತ್ತನೆ ಜಾತಿಯಿಂದ ಜಾತಿಗೆ ಬೇರೆ.

ಹುಡುಕುವುದಾದರೆ ಕತ್ತಲಾದ ಒಂದೆರಡು ಗಂಟೆಯ ಮೇಲೆ ಟಾರ್ಚ್ ಹಿಡಿದು ಹೋಗಿ. ಹಗಲು ಕಡ್ಡಿಯಾಗಿದ್ದದ್ದು ಆಗ ಎಲೆಯಂಚಿನಲ್ಲಿ ಮೇಯುತ್ತಿರುತ್ತದೆ. ಅಂಚಿನಿಂದ ಒಳಕ್ಕೆ ಕಮಾನಿನಂತೆ ತಿಂದ ಎಲೆ, ಅದರ ಕೆಳಗೆ ಒಣಗಿದ ಸಣ್ಣ ಕೊಳವೆಯಾಕಾರದ ಹಿಕ್ಕೆ ಕಂಡರೆ ಅಲ್ಲೇ ನಿಂತು ಹುಡುಕಿ. ಸೂರ್ಯನ ಕುದುರೆಯೊಂದಿಗೆ ಗೊಂದಲವಾದರೆ ಮುಂಗಾಲು ನೋಡಿ: ಅದರದ್ದು ಮುಳ್ಳುಸಾಲಿರುವ, ಬೇಟೆ ಹಿಡಿಯುವ ಮಡಿಕೆಗಾಲು, ಕಡ್ಡಿಹುಳುವಿನದ್ದು ನಡೆಯುವ ಕಾಲು. ಬರೀ ಎಲೆ ತಿನ್ನುವ ಕಡ್ಡಿಹುಳುವಿಗೆ ಬೇಟೆಯ ಕಾಲು ಬೇಕಿಲ್ಲ.

ಪ್ರಶ್ನೆ: ರೋಬೋಟ್ ತಯಾರಿಸುವವರು ಈ ಹುಳುವಿನ ನಡಿಗೆಯನ್ನು ಅಧ್ಯಯನ ಮಾಡುತ್ತಾರಂತೆ. ಏನಿದೆ ಅದರಲ್ಲಿ? (ಧಾರವಾಡ)

ಆರು ಕಾಲಿಗೂ ಮೇಲಿನಿಂದ ಅಪ್ಪಣೆ ಕೊಡುವ ಒಬ್ಬ ಯಜಮಾನ ಇಲ್ಲದಿರುವುದೇ ಅದರಲ್ಲಿರುವ ವಿಶೇಷ. ಜರ್ಮನಿಯಲ್ಲಿ ಉಲ್ರಿಶ್ ಬೆಸ್ಲರ್ ಅವರು ಒಂದೊಂದು ಕೀಲಿನ ನರ-ಸ್ನಾಯುಗಳ ಕೆಲಸವನ್ನು, ಬೀಲೆಫೆಲ್ಡ್ ವಿಶ್ವವಿದ್ಯಾಲಯದಲ್ಲಿ ಹೋಲ್ಕ್ ಕ್ರೂಸೆ ಅವರು ಕಾಲುಗಳ ನಡುವಿನ ಹೊಂದಾಣಿಕೆಯನ್ನು ದಶಕಗಳ ಕಾಲ ಬಿಡಿಸಿಟ್ಟರು. ಪ್ರತಿ ಕಾಲಿಗೂ ತನ್ನದೇ ನಿಯಂತ್ರಣವಿದೆ. ನೆಲದ ಮೇಲೆ ಒತ್ತುವ ಹಂತದಿಂದ ಎತ್ತಿ ಬೀಸುವ ಹಂತಕ್ಕೆ ಯಾವಾಗ ಹೋಗಬೇಕೆಂದು ಅದು ಭಾರ ಮತ್ತು ಸ್ಥಾನ ನೋಡಿ ತೀರ್ಮಾನಿಸುತ್ತದೆ. ಪಕ್ಕದ ಕಾಲುಗಳು ಒಂದಕ್ಕೊಂದು ಕೆಲವೇ ಸರಳ ಸೂಚನೆ ಕೊಡುತ್ತವೆ. ಉದಾಹರಣೆಗೆ, ಹಿಂದಿನ ಕಾಲು ಗಾಳಿಯಲ್ಲಿರುವಾಗ ಮುಂದಿನದು ಏಳದಂತೆ ತಡೆ. ಇಷ್ಟರಿಂದಲೇ ಏರುಪೇರಿನ ಕೊಂಬೆಯ ಮೇಲೂ ಹುಳು ಬೀಳದೆ ನಡೆಯುತ್ತದೆ. ಒಂದು ಕಾಲು ಕಳೆದುಹೋದರೂ ಉಳಿದವು ಹೊಸ ಸರದಿ ಕಂಡುಕೊಳ್ಳುತ್ತವೆ. ಹಿಂಗಾಲು ತನ್ನ ಪಾದವನ್ನು ನಡುಗಾಲಿನ ಪಾದದ ಹಿಂದೆಯೇ ಊರುತ್ತದೆ, ಹಾಗಾಗಿ ಹಿಡಿತ ಹುಡುಕುವ ಶ್ರಮ ಮುಂಗಾಲು ಮತ್ತು ಕುಡಿಮೀಸೆಗಳದ್ದು. ಬೀಲೆಫೆಲ್ಡ್‌ನಲ್ಲಿ ತಯಾರಾದ ಆರು ಕಾಲಿನ ರೋಬೋಟ್ ‘ಹೆಕ್ಟರ್’ ಇದೇ ಹುಳುವಿನ ಮಾದರಿಯದು.

ನೀವೇ ಗಮನಿಸಬೇಕಾದರೆ ಒಂದು ಹುಳುವನ್ನು ಮೇಜಿನ ಮೇಲೆ ನಡೆಸಿ, ಮೊಬೈಲ್‌ನಲ್ಲಿ ನಿಧಾನಗತಿಯ ವಿಡಿಯೊ ತೆಗೆಯಿರಿ. ಬಲಗಡೆಯ ಮೂರು ಪಾದ ಏಳುವ ಕ್ರಮ ಬರೆದುಕೊಳ್ಳಿ. ನಿಧಾನ ನಡಿಗೆಯಲ್ಲಿ ಹಿಂದಿನಿಂದ ಮುಂದಕ್ಕೆ ಅಲೆ ಸಾಗಿದಂತೆ ಕಾಣುತ್ತದೆ. ಚುರುಕಾದ ಮರಿಗಳಲ್ಲಿ ಮೂರು ಮೂರು ಕಾಲು ಒಟ್ಟಿಗೆ ಏಳುತ್ತವೆ.

ಪ್ರಶ್ನೆ: ಮೊಟ್ಟೆಗಳು ಲೆಕ್ಕವಿಲ್ಲದಷ್ಟಾಗಿವೆ. ತೋಟಕ್ಕೆ ಬಿಡಬಹುದೇ? (ಸ್ಯಾನ್ ಡಿಯಾಗೋ, ಕ್ಯಾಲಿಫೋರ್ನಿಯಾ)

ದಯವಿಟ್ಟು ಬಿಡಬೇಡಿ. ನಿಮ್ಮ ಊರಿನಲ್ಲೇ ಈ ಹುಳು ಹೀಗೆ ತಪ್ಪಿಸಿಕೊಂಡು ನೆಲೆಯೂರಿ, ಬೇಲಿಗಿಡ, ಅಲಂಕಾರದ ಗಿಡಗಳನ್ನು ಮೇಯುತ್ತಿದೆ. ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶ, ಮಡೇರಾ, ಅಝೋರ್ಸ್ ದ್ವೀಪಗಳಲ್ಲೂ ಇದೇ ಆಗಿದೆ. ಗಂಡಿನ ಹಂಗಿಲ್ಲದ ಜಾತಿಯಾದ್ದರಿಂದ ತಪ್ಪಿಸಿಕೊಂಡ ಒಂದೇ ಮರಿ ಸಾಕು. ಅಮೆರಿಕದಲ್ಲಿ ಇದನ್ನು ಸಾಕಲು ಕೃಷಿ ಇಲಾಖೆಯ ಪರವಾನಗಿ ಬೇಕೆಂಬುದನ್ನೂ ನೋಡಿಕೊಳ್ಳಿ; ಇಲ್ಲದಿದ್ದರೆ ಇಲಾಖೆಯನ್ನೇ ಕೇಳಿ.

ಬೇಡದ ಮೊಟ್ಟೆಗಳನ್ನು ಗಟ್ಟಿ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಒಂದು ವಾರ ಇಡಿ, ಅಥವಾ ಕುದಿಯುವ ನೀರಿಗೆ ಹಾಕಿ ಹತ್ತು ನಿಮಿಷ ಬಿಡಿ. ಆಮೇಲೆ ಕಸಕ್ಕೆ ಹಾಕಿ. ಪೆಟ್ಟಿಗೆಯ ತಳದ ಹಿಕ್ಕೆ, ಹಳೆಯ ಎಲೆ, ನೆಲಕ್ಕೆ ಹಾಸಿದ ಕಾಗದ, ಎಲ್ಲಕ್ಕೂ ಇದೇ ಕ್ರಮ. ಗೊಬ್ಬರದ ಗುಂಡಿಗೆ ನೇರವಾಗಿ ಸುರಿಯಬೇಡಿ, ಅಲ್ಲಿನ ತೇವ ಮತ್ತು ಬಿಸಿಯಲ್ಲಿ ಅವು ಒಡೆಯಬಹುದು. ವಾರಕ್ಕೊಮ್ಮೆ ತಳ ಗುಡಿಸಿ, ಮುಂದಿನ ತಲೆಮಾರಿಗೆ ಇಪ್ಪತ್ತು ಮೊಟ್ಟೆ ಮಾತ್ರ ಎತ್ತಿಟ್ಟುಕೊಂಡರೆ ಸಂಖ್ಯೆ ಹಿಡಿತದಲ್ಲಿರುತ್ತದೆ.